ಗಯಾಸುದ್ದೀನನ ಎರಡನೇ ಊಟ

ಎಲ್ಲ ರಗಳೆಗೂ ಮೂಲ ಒಂದು ಹತ್ತಿಯ ಬತ್ತಿ.

ಗಯಾಸುದ್ದೀನ್ ಹುಟ್ಟಿದ ಕೂಡಲೇ ಅವನ ಅಜ್ಜಿ ಫಕ್ರುನ್ನೀಸಾ, ತಾಯಿಯ ಮೊದಲ ಹಾಲು ಹಳದಿ, ಅದು ಕೂಸಿಗೆ ಕೆಟ್ಟದ್ದು ಎಂದು ಹಿಂಡಿಸಿ ಚೆಲ್ಲಿಸಿದಳು. ಅವಳ ಅತ್ತೆ ಹಾಗೆ ಮಾಡಿಸಿದ್ದಳು, ಅತ್ತೆಯ ಅತ್ತೆಯೂ ಮಾಡಿಸಿದ್ದಳು. ಹಾಗೆಂದು ಮೊಮ್ಮಗನನ್ನು ಉಪವಾಸ ಕೆಡವುವ ಹೆಂಗಸಲ್ಲ ಅವಳು. ಅಂಗಳದ ಆಡಿನ ಹಾಲಿಗೆ ನೀರು ಬೆರೆಸಿ, ಹತ್ತಿಯ ಬತ್ತಿ ಹೊಸೆದು, ಅದ್ದಿ ಅದ್ದಿ ಬಾಯಿಗೆ ಇಟ್ಟಳು. ಮೂರು ದಿನ ಬತ್ತಿ ಚೀಪಿದ ಗಯಾಸುದ್ದೀನ್, ಹಾಲೆಂದರೆ ಬತ್ತಿಯ ತುದಿಗೆ ತಾನಾಗಿಯೇ ಬಂದು ನಿಲ್ಲುವ ಪದಾರ್ಥ ಎಂದು ತಿಳಿದುಬಿಟ್ಟ. ನಾಲ್ಕನೆಯ ದಿನ ತಾಯಿ ಆಮಿನಾ ಎದೆಗೆ ಹಾಕಿಕೊಂಡರೆ, ಬತ್ತಿ ಹಿಡಿದ ಹಾಗೆಯೇ ತುದಿಯನ್ನಷ್ಟೇ ತುಟಿಯಲ್ಲಿ ಹಿಡಿದು ಎರಡು ಸಲ ಜಗ್ಗಿದ. ಏನೂ ಬರಲಿಲ್ಲ. ಮುಖ ತಿರುಗಿಸಿ ಓಣಿಗೆಲ್ಲ ಕೇಳುವಂತೆ ಕಿರಿಚಿದ.

ಅಂದಿನಿಂದ ಎರಡು ವಾರ ಇದೇ ಕತೆ. ಆಮಿನಾಳ ಎದೆಯ ತೊಟ್ಟು ಒಡೆದು ರಕ್ತ ಬಂತು. ಹಾಲು ಕಟ್ಟಿ ಕಲ್ಲಾಯಿತು, ಜ್ವರ ಬಂದು ಹೋಯಿತು. ಅವಳು ಹಲ್ಲು ಕಚ್ಚಿಕೊಂಡು ಮತ್ತೆ ಮತ್ತೆ ಕೂಸನ್ನು ಎದೆಗೆ ಒತ್ತಿಕೊಂಡಳು, ಕೂಸು ಮತ್ತೆ ಮತ್ತೆ ಮುಖ ತಿರುಗಿಸಿತು. ಆಡಿನ ಹಾಲು ಒಗ್ಗದೆ ಹೊಟ್ಟೆ ಕೆಟ್ಟು, ಗಯಾಸುದ್ದೀನ್ ಎಂಬ ಹೆಸರು ಮಾತ್ರ ದೊಡ್ಡದಾಗಿ ಉಳಿದು, ಮೈ ಒಂದು ಹಿಡಿಯಾಯಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಈ ಮನೆಯ ಗಂಡ ಸಲಾವುದ್ದೀನನಿಗೆ ಜಗಳ ಮಾಡುವಷ್ಟು ಬಾಯೇ ಇರಲಿಲ್ಲ. ಇಲ್ಲಿ ಕೂಸು ಬಡವಾಗುತ್ತಿದ್ದುದು ಓಣಿಯ ಹೆಂಗಸರ ಉಪಕಾರದಲ್ಲಿ.

ಆಮಿನಾಳಿಗೆ ತಾಯಿ ಇದ್ದಿದ್ದರೆ ಮಾತು ಬೇರೆ. ಚೊಚ್ಚಿಲ ಹೆರಿಗೆ ತವರಿನಲ್ಲಿ ಆಗುತ್ತಿತ್ತು, ಮಂಠಾಳದ ಆ ಮನೆಯಲ್ಲಿ ಯಾರಾದರೂ ಪಕ್ಕದಲ್ಲಿ ಮಲಗಿ ಹೀಗೆ ಹಿಡಿ, ಹಾಗೆ ಕುಡಿಸು ಎಂದು ಮೆಲ್ಲಗೆ ಹೇಳಿಕೊಡುತ್ತಿದ್ದರು. ತಾಯಿ ತೀರಿಹೋಗಿ ಬಹಳ ವರ್ಷವಾಗಿತ್ತು. ಹಾಗಾಗಿ ಹೆರಿಗೆಯೂ ಬಾಣಂತನವೂ ಅತ್ತೆಯ ಮನೆಯಲ್ಲಿ, ಕಲ್ಯಾಣಿಯಲ್ಲಿ. ಬಸವಕಲ್ಯಾಣವನ್ನು ಆಗ ಎಲ್ಲರೂ ಕಲ್ಯಾಣಿ ಎನ್ನುತ್ತಿದ್ದರು. ನಿಜಾಮರ ರಾಜ್ಯ, ಎಲ್ಲೋ ದೂರದೇಶದಲ್ಲಿ ಲಡಾಯಿ. ಲಡಾಯಿಯಿಂದಾಗಿ ಪೆಟ್ರೋಲು ಇಲ್ಲದೆ, ಬಸ್ಸಿನ ಬೆನ್ನಿಗೆ ಇದ್ದಲಿಯ ಒಲೆ ಕಟ್ಟಿ ಓಡಿಸುತ್ತಿದ್ದ ಕಾಲ.

ಆ ದಿನ ಮುಂಜಾನೆ ಫಕ್ರುನ್ನೀಸಾ ಕೂಸಿನ ಹೊಟ್ಟೆ ಮುಟ್ಟಿ ನೋಡಿ, ಬಾಣಂತಿಯ ಹೊರಸಿನ ಎದುರು ನಿಂತಳು.

"ಆಮಿನಾ, ಕೂಸಿನ ದನಿ ಕೇಳೀಯೇನು? ಮೊನ್ನಿ ತನಕ ಓಣಿ ಒಡಿಯಂಗ ಒದರ್ತಿತ್ತು. ಇವತ್ತ ಬೆಕ್ಕಿನ ಮರಿಯಂಗ ಮಿಯಾಂ ಅನ್ನಾಕತ್ತದ. ಸಲಾವುದ್ದೀನನ್ನ ಹುಮನಾಬಾದಕ್ಕ ಕಳಸ್ತೀನಿ. ಸರ್ವರಿನ್ನ ಕರ್ಕೊಂಡು ಬರ್ಲಿ."

ಸರ್ವರಿ ಫಕ್ರುನ್ನೀಸಾಳ ಮಗಳು, ಆಮಿನಾಳ ನಾದಿನಿ. ಹುಮನಾಬಾದಿನಲ್ಲಿ ಗಂಡನ ಮನೆ. ಹೋದ ತಿಂಗಳು ಅವಳ ಎಳೆಕೂಸು ಜ್ವರದಲ್ಲಿ ತೀರಿಹೋಗಿತ್ತು. ಕೂಸು ಹೋದರೂ ಎದೆಯ ಹಾಲು ಹೋಗಿರಲಿಲ್ಲ.

ಹಾಗಾದರೆ ಅವಳನ್ನು ಮೊದಲೇ ಯಾಕೆ ಕರೆಸಲಿಲ್ಲ ಎಂದು ಯಾರಾದರೂ ಕೇಳಬಹುದು. ಅದಕ್ಕೂ ಕಾರಣ ಫಕ್ರುನ್ನೀಸಾಳೇ. ಸರ್ವರಿಗೆ ಎರಡು ವರ್ಷದ ಮಗಳೊಬ್ಬಳಿದ್ದಳು. ಆಮಿನಾಳಿಗೆ ಗಂಡು ಹುಟ್ಟಿದರೆ ಆ ಹುಡುಗಿಗೇ ಎಂದು ಫಕ್ರುನ್ನೀಸಾ, ಸೊಸೆ ಬಸಿರಿದ್ದಾಗಲೇ ರಿಶ್ತಾ ಗೊತ್ತು ಮಾಡಿ ಓಣಿಗೆಲ್ಲ ಸಕ್ಕರೆ ಹಂಚಿದ್ದಳು. ಲೋಕದ ಜನ ಕೂಸು ಹುಟ್ಟುವ ಮೊದಲು ಕುಲಾವಿ ಹೊಲಿಸಿದರೆ, ಇವಳು ಬಾಸಿಂಗವನ್ನೇ ಕಟ್ಟಿಸಿದ್ದಳು. ಆದರೆ ಅವರ ಕಟ್ಟಳೆ ಕಟ್ಟಳೆಯೇ. ಯಾರ ಎದೆಹಾಲು ಕುಡಿದರೋ ಅವಳು ತಾಯಿ, ಅವಳ ಮಕ್ಕಳು ಒಡಹುಟ್ಟಿದವರು. ಒಂದು ಗುಟುಕು ಇಳಿದರೂ ಮುಗಿಯಿತು, ಆ ಗಂಡಿಗೂ ಆ ಹೆಣ್ಣಿಗೂ ನಿಕಾಹ್ ಇಲ್ಲ. ಆ ಒಂದು ಗುಟುಕಿಗೆ ಹೆದರಿ ಫಕ್ರುನ್ನೀಸಾ ಇಷ್ಟು ದಿನ ಮಗಳನ್ನು ಕರೆಸಿರಲಿಲ್ಲ.

"ಇವತ್ತ ಹೊತ್ತು ಮುಣಗಿ ಮಗ್ರಿಬ್ ಬಾಂಗ್ ಆಗೂ ತನಕ ನೋಡ್ತೀನಿ," ಎಂದಳು. "ಅಷ್ಟ್ರಾಗ ನಿನ್ನ ಹಂತ್ಯಾಕ ಕುಡದ್ರ ಕುಡೀತು. ಇಲ್ಲಂದ್ರ ಸರ್ವರಿ ಕುಡಸ್ತಾಳ. ನಾಳಿ ಮುಂಜಾನಿ ಬಸ್ಸಿಗಿ ತನ್ನ ಮನೀಗಿ ಒಯ್ತಾಳ. ರಿಶ್ತಾ ಹೋದ್ರ ಹೋಗ್ಲಿ, ಕೂಸು ಉಳೀಲಿ."

"ಅಮ್ಮಾ, ಕೂಸಿನ್ನ ಒಯ್ಯೂದು ಬ್ಯಾಡ್ರಿ. ಇನ್ನೊಂದೆರಡು ದಿನ..."

"ಎರಡು ದಿನಾ ಅನ್ಕೋತ ಎರಡು ವಾರ ಆತು," ಎಂದು ಅತ್ತೆ ಹೊರಗೆ ಹೋದಳು. ಅವಳ ಕಣ್ಣೂ ಒದ್ದೆಯಾಗಿತ್ತು, ಅದನ್ನು ಸೊಸೆಗೆ ತೋರಿಸುವ ಹೆಂಗಸಲ್ಲ.

ಸಲಾವುದ್ದೀನ್ ಪಾತ್ರೆಗಳಿಗೆ ಕಲಾಯಿ ಹಾಕುವವನು. ತಾಮ್ರದ ಹಂಡೆ ಎಷ್ಟು ಕಪ್ಪಾಗಿದ್ದರೂ ಬೆಳ್ಳಗೆ ಮಾಡಿಕೊಡುತ್ತಿದ್ದ. ಹೆಂಡತಿಯ ಕಪ್ಪಾದ ಮುಖಕ್ಕೆ ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ. ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದ:

"ನಾ ಬರೂದ್ರೊಳಗ ಕುಡದಿರ್ತದ ಬಿಡು."

"ಬಸ್ಸು ಸಾವಕಾಶ ಬರ್ಲಿ ಅಂತ ದುವಾ ಮಾಡ್ರಿ," ಎಂದಳು ಆಮಿನಾ.

"ಈ ಬಸ್ಸಿಗಿ ದುವಾ ಬೇಕಾಗಿಲ್ಲ. ತಾನೇ ಸಾವಕಾಶ ಬರ್ತದ," ಎಂದು ಅವನು ಹೊರಟುಹೋದ.

ಸುದ್ದಿ ತಿಳಿಯಲು ಓಣಿಗೆ ಎಷ್ಟು ಹೊತ್ತು ಬೇಕು? ಮೊದಲು ಎಡಮನೆಯ ವಜೀರಬಿ ಬಂದಳು, ಮುಷ್ಟಿಯಲ್ಲಿ ಒಣಮೆಣಸಿನಕಾಯಿ, ಉಪ್ಪು ಹಿಡಿದುಕೊಂಡು.

"ಹಾಲಿನ ದೋಷ ಅಲ್ಲವೇ ಅಲ್ಲ, ಬೇಟಿ. ಇದು ನಜರ್. ಇಂಥಾ ಚಂದದ ಕೂಸಿಗಿ ಯಾರ ಕಣ್ಣು ಬಿತ್ತೋ ಏನೋ!"

ಚಂದದ ಕೂಸು ಆಗ ಬಿಸಿಲಿಗೆ ಒಣಹಾಕಿದ ಬದನೆಕಾಯಿಯ ಹಾಗೆ ಸುಕ್ಕುಗಟ್ಟಿ ಮಲಗಿತ್ತು. ವಜೀರಬಿ ಮೆಣಸಿನಕಾಯಿಯನ್ನು ತಾಯಿ ಮಗ ಇಬ್ಬರಿಗೂ ನಿವಾಳಿಸಿ, ಬಾಣಂತಿಗೆ ಕಾವು ಬರಲೆಂದು ಹೊರಸಿನ ಕೆಳಗಿಟ್ಟಿದ್ದ ಕೆಂಡದ ಬೋಗುಣಿಗೆ ಸುರಿದಳು.

"ನಜರ್ ಆಗಿದ್ರ ಘಾಟು ಬರಂಗಿಲ್ಲ, ನೋಡ್ರಿ ಬೇಕಾದ್ರ," ಎಂದಳು.

ಘಾಟು ಬಂತು. ಎಂಥ ಘಾಟೆಂದರೆ, ಆಮಿನಾ ಕೂಸನ್ನು ಸೆರಗಿನೊಳಗೆ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು, ಫಕ್ರುನ್ನೀಸಾ ಕೆಮ್ಮುತ್ತ ಬೋಗುಣಿಯನ್ನು ಹೊರಗೆ ಎಳೆದಳು, ಅಂಗಳದಲ್ಲಿ ಬೇರೆ ಬೇರೆ ಕಟ್ಟಿದ್ದ ಆಡೂ ಅದರ ಮರಿಯೂ ಸೀನುತ್ತ ಹಗ್ಗ ಜಗ್ಗಾಡಿದವು. ಮರಿಯ ಗೂಟ ಸಡಿಲಾದದ್ದನ್ನು ಯಾರೂ ನೋಡಲಿಲ್ಲ. ವಜೀರಬಿ ಕಣ್ಣೀರು ಒರೆಸಿಕೊಳ್ಳುತ್ತ, "ಅಂದ್ರ ನಜರ್ ಇಲ್ಲ ಅಂತ ಸಾಬೀತಾತು," ಎಂದು ಸಮಾಧಾನಪಟ್ಟಳು.

ಕೆಮ್ಮು ಕೇಳಿ ಬಲಮನೆಯ ಗಂಗುಬಾಯಿ ಬಂದಳು. ಅವಳದು ಎಣ್ಣೆಯ ಗಾಣದ ಮನೆ. ಯಾವ ರೋಗಕ್ಕೂ ಅವಳಲ್ಲಿ ಒಂದು ಎಣ್ಣೆ ಇರುತ್ತಿತ್ತು.

"ನಜರೂ ಇಲ್ಲ, ಗಿಜರೂ ಇಲ್ಲ. ತೊಟ್ಟು ಒಡದಾವ, ಅದಕ್ಕ ಹುಡುಗಿ ನೋವಿಗಿ ಹಿಂದ ಸರೀತಾಳ. ಬೇವಿನೆಣ್ಣಿ ತಂದೀನಿ ತಗೋರಿ. ನಮ್ಮ ಗಾಣದ ಎತ್ತಿನ ಹೆಗಲು ಹುಣ್ಣಾದ್ರ ಇದನ್ನೇ ಹಚ್ತೀವಿ."

ಎತ್ತಿಗೆ ಆಗುವ ಮದ್ದು ಸೊಸೆಗೂ ಆದೀತೆಂದು ಫಕ್ರುನ್ನೀಸಾ ಒಪ್ಪಿದಳು. ಎಣ್ಣೆ ಹಚ್ಚಿದ್ದಾಯಿತು. ಉರಿ ನಿಜಕ್ಕೂ ತುಸು ತಗ್ಗಿತು. ಆಮಿನಾ ಆಸೆಯಿಂದ ಕೂಸನ್ನು ಎತ್ತಿಕೊಂಡಳು. ಅತ್ತೆ ಅದರ ತಲೆ ಹಿಡಿದಳು, ಗಂಗುಬಾಯಿ ಗದ್ದ ಹಿಡಿದಳು, ವಜೀರಬಿ ಕೈ ಹಿಡಿದಳು. ಮೂವರೂ ಸೇರಿ ಕಳ್ಳನನ್ನು ಚಾವಡಿಗೆ ನೂಕುವಂತೆ ಅದನ್ನು ತಾಯಿಯ ಎದೆಗೆ ನೂಕಿದರು. ಗಯಾಸುದ್ದೀನ್ ನಾಲಿಗೆ ಚಾಚಿ ಒಂದು ಸಲ ನೆಕ್ಕಿದ. ಅವನ ಮುಖ ಕಷಾಯ ಕುಡಿದ ಮುದುಕನ ಮುಖವಾಯಿತು. ಆಮೇಲೆ ಅವನು ಇದ್ದಬದ್ದ ಶಕ್ತಿಯಿಂದ ತಲೆಯನ್ನು ಹಿಂದಕ್ಕೆ ಒಗೆದು ಅತ್ತ.

"ಅಯ್ಯ ಗಂಗೂ!" ಎಂದಳು ವಜೀರಬಿ. "ಹಾಲು ಬಿಡಸೂವಾಗ ಹಚ್ಚೂ ಬೇವು, ಹಾಲು ಕುಡಸೂವಾಗ ಹಚ್ಚಿದೆಲ್ಲ!"

"ಕಹಿ ಆದ್ರ ಸಿಹಿ ಹಚ್ಚಿದ್ರಾತು," ಎಂದು ಗಂಗುಬಾಯಿ ಸೋಲದೆ ಬೆಲ್ಲ ಕರಗಿಸಿ ತಂದು ಮೇಲೆ ಸವರಿದಳು. ಕೂಸು ಬಾಯಿ ತೆರೆಯಲಿಲ್ಲ. ಆದರೆ ಬೆಲ್ಲದ ಸುದ್ದಿ ಇರುವೆಗಳಿಗೆ ಮುಟ್ಟಿತು. ಹೊರಸಿನ ಕಾಲು ಹತ್ತಿ ಬಂದ ಮೊದಲ ಇರುವೆ ಆಮಿನಾಳಿಗೆ ಕಚ್ಚಬಾರದ ಜಾಗದಲ್ಲಿ ಕಚ್ಚಿದಾಗ ಅವಳು ಚೀರಿದಳು. ಮೂವರು ಹೆಂಗಸರೂ ಸೇರಿ ಹೊರಸನ್ನು ಜಾಡಿಸಿದರು. ಜಾಡಿಸುತ್ತಲೇ ತಪ್ಪು ಯಾರದೆಂದು ಮಾತು ಹತ್ತಿತು. ಅದು ಬಾಗಿಲಿಗೆ ಬಂದು, ಬಾಗಿಲಿನಿಂದ ಕಟ್ಟೆಗೆ ಇಳಿದು, ಹತ್ತು ವರ್ಷದ ಹಿಂದಿನ ಒಂದು ಸಟ್ಟುಗದ ವಿಷಯಕ್ಕೆ ತಿರುಗಿತು.

ಹೊತ್ತು ಇಳಿಯುತ್ತಿತ್ತು. ಹೊರಸಿನ ಮೇಲೆ ಆಮಿನಾ ಕಣ್ಣು ತುಂಬಿಕೊಂಡು ತೆರೆದ ಬಾಗಿಲಿನತ್ತ ನೋಡುತ್ತಿದ್ದಳು. ಬಸ್ಸು ಈಗ ಎಲ್ಲಿರಬಹುದು ಎಂದು ಲೆಕ್ಕ ಹಾಕುತ್ತಿದ್ದಳು. ಬರುತ್ತಿರುವವಳು ನಾದಿನಿ ಎಂದು ಅವಳಿಗೆ ಅನ್ನಿಸಲೇ ಇಲ್ಲ. ಕೂಸನ್ನು ಕದಿಯಲು ಹಗಲುಹೊತ್ತಿನಲ್ಲೇ ಬರುತ್ತಿರುವ ಕಳ್ಳಿ ಎಂದೇ ಅನ್ನಿಸಿತು.

ಆಗ ಅಂಗಳದಲ್ಲಿ ಆಡಿನ ಮರಿ, ಸಡಿಲಾದ ಗೂಟವನ್ನು ಕಿತ್ತುಕೊಂಡು, ಜಗಳವಾಡುವವರ ಬೆನ್ನ ಹಿಂದೆಯೇ ತಾಯಿಯ ಹತ್ತಿರ ಹೋಯಿತು. ಆಮಿನಾ ಕಣ್ಣು ಒರೆಸಿಕೊಂಡು ನೋಡಿದಳು. ಮರಿಯ ತಲೆಯನ್ನು ಯಾರೂ ಹಿಡಿದಿರಲಿಲ್ಲ. ಅದು ತುದಿಯನ್ನು ಚೀಪಲಿಲ್ಲ. ಗದ್ದ ಮೇಲೆತ್ತಿ, ಬಾಯಿ ಅಗಲಿಸಿ, ಮೊಲೆಯನ್ನು ಗಂಟಲಿನ ತನಕ ತುಂಬಿಕೊಂಡು, ತಲೆಯಿಂದ ಒಂದು ಗುದ್ದು ಗುದ್ದಿತು. ಆಡು ಸುಮ್ಮನೆ ನಿಂತು ಮೆಲುಕು ಹಾಕುತ್ತಿತ್ತು. ಅದಕ್ಕೆ ಬುದ್ಧಿ ಹೇಳುವವರು ಯಾರೂ ಇರಲಿಲ್ಲ.

"ಹಾಯ್ ಅಲ್ಲಾ! ಕೂಸಿನ ಹಾಲೆಲ್ಲಾ ಮರಿ ಕುಡದು ಬಿಡ್ತು!" ಎಂದು ಫಕ್ರುನ್ನೀಸಾ ತಿರುಗಿ ನೋಡಿ ಕೂಗಿ, ಕಾಲಿನ ಚಪ್ಪಲಿ ತೆಗೆದು ಎಸೆದಳು. ಆಡು ಬೆದರಿ ಹಗ್ಗ ಹರಿದುಕೊಂಡು ಓಣಿಗೆ ಹಾರಿತು, ಮರಿ ಅದರ ಹಿಂದೆ ಓಡಿತು. ಮರಿಯ ಹಿಂದೆ ಒಂದು ಕಾಲಿಗಷ್ಟೇ ಚಪ್ಪಲಿ ಇದ್ದ ಫಕ್ರುನ್ನೀಸಾ, ಅವಳ ಹಿಂದೆ ಗಂಗುಬಾಯಿ, ಕೊನೆಯಲ್ಲಿ ದಮ್ಮು ಹತ್ತಿದ ವಜೀರಬಿ ಓಡಿದರು. ಕಿಲ್ಲೆಯ ಕಡೆ ಹೋಗುವ ದಾರಿಯಲ್ಲಿ ಅವರ ಕೂಗು ದೂರವಾಯಿತು.

ಕೂಸು ಹುಟ್ಟಿದ ಮೇಲೆ ಮೊದಲ ಸಲ ಆ ಕೋಣೆಯಲ್ಲಿ ತಾಯಿ ಮಗ ಇಬ್ಬರೇ ಉಳಿದರು.

ಆಮಿನಾ ತಂಬಿಗೆಯ ಬಿಸಿನೀರಿನಿಂದ ಬೇವು, ಬೆಲ್ಲ ಎಲ್ಲವನ್ನೂ ತೊಳೆದುಕೊಂಡಳು. ಮಗ್ಗುಲಾಗಿ ಮಲಗಿ, ಕೂಸನ್ನು ಹೊಟ್ಟೆಗೆ ಹೊಟ್ಟೆ ತಾಗುವಂತೆ ಹತ್ತಿರ ಎಳೆದುಕೊಂಡಳು. ತಲೆ ಹಿಡಿಯಲಿಲ್ಲ, ಬೆನ್ನಿಗಷ್ಟೇ ಕೈ ಕೊಟ್ಟಳು. "ಬಾರಪ್ಪ," ಎಂದಳು, "ಯಾರೂ ಇಲ್ಲ. ನಾನೂ ನೀನೂ ಅಷ್ಟೇ ಇದ್ದೀವಿ." ಗಯಾಸುದ್ದೀನ್ ಮೂಸಿದ, ಗೊಣಗಿದ, ಎಂದಿನಂತೆ ತುದಿಗೆ ತುಟಿ ಹಚ್ಚಿದ. ಅವಳು ಬಿಡಿಸಿದಳು. ಮತ್ತೆ ಹಚ್ಚಿದ, ಮತ್ತೆ ಬಿಡಿಸಿದಳು. ಅವನಿಗೆ ಸಿಟ್ಟು ಬಂದು, ಗದ್ದ ಮೇಲೆತ್ತಿ, ಬಾಯಿ ಅಗಲಿಸಿ ಅಳಲು ಸಜ್ಜಾದ. ಅದೇ ಕ್ಷಣಕ್ಕೆ ಆಮಿನಾ ಅವನನ್ನು ಎದೆಗೆ ಒತ್ತಿಕೊಂಡಳು.

ಮೊದಲು ಪ್ರಾಣ ಹೋಗುವಂಥ ನೋವು. ಅವಳು ಕೌದಿಯ ಅಂಚನ್ನು ಹಲ್ಲಿನಲ್ಲಿ ಕಚ್ಚಿದಳು. ಆಮೇಲೆ ನೋವು ಸಡಿಲಾಗಿ, ಎದೆಯೊಳಗೆ ಕಟ್ಟಿದ್ದ ಕಲ್ಲು ಕರಗತೊಡಗಿತು. ಗುಟುಕ್, ಎಂದು ಸದ್ದಾಯಿತು. ಸ್ವಲ್ಪ ತಡೆದು ಮತ್ತೆ ಗುಟುಕ್. ಆಮಿನಾ ಉಸಿರು ಬಿಗಿಹಿಡಿದು ಕೇಳಿದಳು. ಮಗ ಕಣ್ಣು ಮುಚ್ಚಿ, ಮುಷ್ಟಿ ಬಿಚ್ಚಿ, ಗಟಗಟ ಕುಡಿಯುತ್ತಿದ್ದ. ಅವಳಿಗೆ ಅಳು ತಡೆಯಲಾಗಲಿಲ್ಲ. ಎಂದೋ ಹೋದ ತಾಯಿ ನೆನಪಾಗಿ, ಅವಳಿಗೆ ಇದನ್ನು ತೋರಿಸಬೇಕೆನ್ನಿಸಿ ಇನ್ನಷ್ಟು ಅತ್ತಳು.

ಕುಡಿದು ಕುಡಿದು ಗಯಾಸುದ್ದೀನ್ ತಾನಾಗಿಯೇ ಬಾಯಿ ಬಿಟ್ಟು ನಿದ್ದೆಹೋದ. ಆಮಿನಾ ಕುಪ್ಪಸದ ಗುಂಡಿ ಹಾಕಿಕೊಂಡು, ಅತ್ತೆ ಬಂದ ಕೂಡಲೇ ಹೇಳಬೇಕಾದ ಮಾತನ್ನು ಜೋಡಿಸಿಕೊಂಡಳು. "ಅಮ್ಮಾ, ನಿಮ್ಮ ಬತ್ತಿ ಇನ್ನ ದೀಪಕ್ಕ ಹಾಕ್ರಿ." ನಾಲ್ಕು ಸಲ ಪಿಸುಮಾತಿನಲ್ಲಿ ಹೇಳಿ ನೋಡಿದಳು. ಚೆನ್ನಾಗಿತ್ತು. ಓಣಿಯಲ್ಲಿ ಹತ್ತು ವರ್ಷ ಉಳಿಯುವಂಥ ಮಾತು.

ಅಂಗಳದಲ್ಲಿ ಸದ್ದಾಯಿತು. ಆಡು ಸಿಕ್ಕಿತ್ತು. ಅದನ್ನು ಕಟ್ಟುತ್ತಿದ್ದ ಫಕ್ರುನ್ನೀಸಾ, ತಲೆಯಿಂದ ಕಾಲಿನ ತನಕ ಮಸಿಯಾದ ಒಬ್ಬ ಗಂಡಸು ಒಳಗೆ ಬಂದದ್ದನ್ನು ನೋಡಿ ಕೂಗಿದಳು: "ಏ, ಯಾರಪ್ಪ ನೀ? ಇದ್ದಲಿ ಬ್ಯಾಡ ನಮಗ, ಹೋಗು ಮುಂದ!"

"ಅಮ್ಮಾ, ನಾ. ಸಲಾವುದ್ದೀನ್," ಎಂದಿತು ಮಸಿ. "ದಿಬ್ಬ ಬಂದಲ್ಲೆಲ್ಲಾ ಇಳಿಸಿ ನೂಕ್ಸಿದ್ರು. ಹುಮನಾಬಾದಿಂದ ಬಸ್ಸಿನ್ಯಾಗ ಬಂದೀನೋ, ಬಸ್ಸಿನ್ನೇ ಹೊತ್ಕೊಂಡು ಬಂದೀನೋ ಗೊತ್ತಾಗವಲ್ದು."

ಅವರು ನಗುತ್ತಿದ್ದಾಗ, ಸರ್ವರಿ ಯಾರೊಂದಿಗೂ ಮಾತಾಡದೆ ನೆಟ್ಟಗೆ ಕೋಣೆಯೊಳಗೆ ಬಂದಳು. ಆಮಿನಾ ಕೂಸಿನ ಮೇಲೆ ಕೈಯಿಟ್ಟು ಎದ್ದು ಕೂತಳು. ಮಾತು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು.

ಸರ್ವರಿ ಬುರ್ಖಾ ತೆಗೆದಳು. ಕುಪ್ಪಸದ ಮೇಲೆ ಎದೆಗೆ ಬಿಗಿಯಾಗಿ ಹಳೇ ಬಟ್ಟೆ ಸುತ್ತಿದ್ದರು. ಹಾಲು ಬತ್ತಲಿ ಎಂದು ಹಾಗೆ ಕಟ್ಟುತ್ತಾರೆ. ಆ ಬಟ್ಟೆ ಪೂರ್ತಿ ತೋಯ್ದು, ಸೀರೆಯ ತನಕ ಹನಿ ಇಳಿದಿತ್ತು.

"ದಿನಾ ಕಟ್ಟಸ್ಕೋತೀನಿ, ಆಮಿನಾ," ಎಂದಳು ಸರ್ವರಿ, ತಪ್ಪು ಮಾಡಿದವಳಂತೆ. "ಇದಕ್ಕ ತಿಳೀವಲ್ದು. ಕೂಸು ಹೋಗ್ಯಾದ ಅಂದ್ರ ಕೇಳವಲ್ದು. ಬಸ್ಸಿನ್ಯಾಗ ಯಾರದೋ ಕೂಸು ಅತ್ರ ಸಾಕು, ಹಿಂಗ ಆಗ್ತದ." ಅವಳು ಮಲಗಿದ್ದ ಗಯಾಸುದ್ದೀನನನ್ನು ನೋಡಿದಳು. ಮುಟ್ಟಲಿಲ್ಲ, ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಳು. "ಇನ್ನೂ... ಇನ್ನೂ ಕುಡದಿಲ್ಲೇನು?"

ಆ ದನಿಯಲ್ಲಿ ಆಸೆ ಇತ್ತು. ಅಂಥ ಆಸೆ ಇಟ್ಟುಕೊಂಡದ್ದಕ್ಕೆ ನಾಚಿಕೆಯೂ ಇತ್ತು. ಮಸೀದಿಯಿಂದ ಮಗ್ರಿಬ್ ಬಾಂಗ್ ಕೇಳಿಸಿತು. ಫಕ್ರುನ್ನೀಸಾ, ಅವಳ ಹಿಂದೆ ವಜೀರಬಿ, ಗಂಗುಬಾಯಿ ಬಾಗಿಲಲ್ಲಿ ಬಂದು ನಿಂತರು.

"ಏನಾತು?" ಎಂದಳು ಅತ್ತೆ.

ಆಮಿನಾ ನಾದಿನಿಯ ತೋಯ್ದ ಬಟ್ಟೆಯನ್ನು ನೋಡಿದಳು.

"ಇಲ್ಲರಿ, ಅಮ್ಮಾ," ಎಂದಳು. "ಒಂದು ಗುಟುಕು ಸುದ್ದಾ ಕುಡದಿಲ್ಲ. ನನ್ನ ಕೈಲಿ ಆಗಂಗಿಲ್ಲ."

ಹೇಳಿ, ತಾನೇ ಕೂಸನ್ನು ಎತ್ತಿ ಸರ್ವರಿಯ ಮಡಿಲಿಗೆ ಹಾಕಿದಳು. ಕೂಸಿನ ತುಟಿಯ ಮೂಲೆಯಲ್ಲಿ ಒಂದು ಬಿಳಿ ಹನಿ ಇನ್ನೂ ಹಸಿಯಾಗಿತ್ತು. ಸರ್ವರಿ ಅದನ್ನು ನೋಡಿ ತಲೆಯೆತ್ತಿದಳು. ಆಮಿನಾ ಗೋಡೆ ನೋಡುತ್ತಿದ್ದಳು. ಸರ್ವರಿ ಹೆಬ್ಬೆರಳಿನಿಂದ, ತನ್ನ ತಾಯಿ ಫಕ್ರುನ್ನೀಸಾ ಹತ್ತಿರ ಬರುವ ಮೊದಲೇ, ಆ ಹನಿಯನ್ನು ಒರೆಸಿಬಿಟ್ಟಳು.

ಹೊಟ್ಟೆ ತುಂಬಿದವನು ಈಗ ಮುಖ ತಿರುಗಿಸಿದರೆ ಏನು ಗತಿ ಎಂದು ಆಮಿನಾ ಹೆದರಿದಳು. 'ಬಾಯಿ ತೆರಿಯಪ್ಪ,' ಎಂದು ಮನಸ್ಸಿನಲ್ಲಿ ಬೇಡಿಕೊಂಡಳು. ಆದರೆ ಗಯಾಸುದ್ದೀನ್ ಬಾಯಿ ಅಗಲಿಸುವ ವಿದ್ಯೆಯನ್ನು ಆಗತಾನೇ ಕಲಿತಿದ್ದ. ಎರಡು ವಾರ ಒಂದು ಊಟಕ್ಕೂ ಒಲ್ಲೆ ಎಂದಿದ್ದ ಮಹಾಶಯ, ಒಂದು ಊಟ ಅರಗುವ ಮೊದಲೇ ಎರಡನೇ ಊಟಕ್ಕೆ ಕೂತ.

"ಕುಡೀತು! ಕುಡೀತು!" ಎಂದು ಮೂವರೂ ಕೂಗಿದರು.

"ನಜರ್ ತಗದಿದ್ದಕ್ಕ," ಎಂದಳು ವಜೀರಬಿ.

"ಬಾಯಿ ಕಹಿ ಆದಮ್ಯಾಲೆ ಸಿಹಿ ಹಾಲಿನ ರುಚಿ ಗೊತ್ತಾತು," ಎಂದಳು ಗಂಗುಬಾಯಿ.

ಫಕ್ರುನ್ನೀಸಾ ಮೊಮ್ಮಗನನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟಿದಳು. ಎರಡು ಊಟ ಹಿಡಿಸದೆ ಅವನು ಅವಳ ಹೆಗಲ ತುಂಬ ಹಾಲು ಕಕ್ಕಿದ. ಅವಳು ಹಿಗ್ಗಿನಿಂದ, "ನೋಡ್ರಿ! ಹಾಲಂದ್ರ ಹಿಂಗಿರಬೇಕು, ಉಕ್ಕಿ ಬರಬೇಕು!" ಎಂದಳು. ಮರುಗಳಿಗೆಗೆ ರಿಶ್ತಾ ನೆನಪಾಗಿ ಸಪ್ಪಗಾದಳು. "ಆತು ಬಿಡು. ಇನ್ನ ಇವು ಅಕ್ಕ ತಮ್ಮ. ನಾಳಿ ಮುಂಜಾನಿ ಬಸ್ಸಿಗಿ ಒಯ್ದುಬಿಡು, ಸರ್ವರಿ."

ತೋಯ್ದ ಬಟ್ಟೆ ಕಂಡ ಗಳಿಗೆಯಲ್ಲಿ ಆಮಿನಾ ಮುಂಜಾನೆಯ ಆ ಮಾತನ್ನು ಮರೆತು, ಕೊಟ್ಟದ್ದು ಒಂದು ಸಂಜೆಗೆ ಎಂದು ಎಣಿಸಿದ್ದಳು.

"ಒಯ್ಯಂಗಿಲ್ಲಮ್ಮ," ಎಂದಳು ಸರ್ವರಿ, ಕೂಸನ್ನು ವಾಪಸ್ಸು ತೆಗೆದುಕೊಂಡು ಮತ್ತೊಂದು ಮಗ್ಗುಲಿಗೆ ಹಾಕಿಕೊಳ್ಳುತ್ತ. "ಇದು ತಾಯಿ ಹಂತ್ಯಾಕೇ ಇರ್ಲಿ. ಮಗಳ್ನ ನನ್ನ ಅತ್ತಿ ನೋಡ್ಕೋತಾಳ. ನಾನೇ ನಾಲ್ಕು ದಿನ ಇಲ್ಲಿರ್ತೀನಿ. ಆಮ್ಯಾಲೆ..."

ಫಕ್ರುನ್ನೀಸಾ ಬತ್ತಿಯನ್ನು ಬಟ್ಟಲಿನಿಂದ ತೆಗೆದು ಹಿಂಡಿ, "ಇನ್ನ ಇದು ಯಾಕ ಬೇಕು, ಒಣಗಿದ್ರ ದೀಪಕ್ಕರೆ ಆಗ್ತದ," ಎಂದು ಗೂಡಿನಲ್ಲಿಟ್ಟಳು. ಆಮೇಲೆ ಸೊಸೆಯ ಹತ್ತಿರ ಕೂತು, ಎಂದೂ ಇಲ್ಲದಂತೆ ತಲೆ ನೇವರಿಸಿದಳು.

"ಅಳಬ್ಯಾಡ. ಎಲ್ಲಾರ ಎದ್ಯಾಗೂ ಹಾಲು ಇರಂಗಿಲ್ಲ, ಬೇಟಿ. ನಿನ್ನ ತಪ್ಪಲ್ಲ."

"ಹೌದ್ರಿ," ಎಂದಳು ಆಮಿನಾ.

ಬಾಗಿಲಲ್ಲಿ ವಜೀರಬಿ ಗಂಗುಬಾಯಿಯ ಕಿವಿಯಲ್ಲಿ, "ಮಂಠಾಳದ ಹೆಣ್ಣು ತರಬ್ಯಾಡ ಅಂತ ನಾ ಅವಾಗೇ ಹೇಳಿದ್ದೆ," ಎಂದಳು. ಎಲ್ಲರಿಗೂ ಕೇಳಿಸಿತು.

ಹೊರಸಿನ ಆ ತುದಿಯಲ್ಲಿ ಗುಟುಕ್, ಗುಟುಕ್ ಎಂದು ಸದ್ದು ಆಗುತ್ತಲೇ ಇತ್ತು. ಅದನ್ನು ಕೇಳುತ್ತ ಕೇಳುತ್ತ ಆಮಿನಾಳ ಎದೆ ಜುಮ್ಮೆಂದು ಬಿಗಿಯಿತು. ಅವಳು ಗಾಬರಿಯಿಂದ ಕೌದಿಯನ್ನು ಗದ್ದದ ತನಕ ಎಳೆದುಕೊಂಡಳು.

"ಯಾಕ, ಚಳಿ ಬಂತೇನು?" ಎಂದಳು ಗಂಗುಬಾಯಿ.

"ಹೌದ್ರಿ, ಚಳಿ."

ಗಂಗುಬಾಯಿ ಮರುಗಿ, ಹೊರಸಿನ ಕೆಳಗೆ ಇನ್ನಷ್ಟು ಕೆಂಡ ತಂದು ಹಾಕಿದಳು. ಕೌದಿಯ ಒಳಗೆ ಆಮಿನಾಳ ಕುಪ್ಪಸ ತೋಯ್ದು ಹಾಲು ಹರಿಯುತ್ತಿತ್ತು.